ಎಸೆಯುವ ಮೊದಲು ಅಲುಗಿಸು

ಜಪಾನಿನ ಜಿಗೊರೊ ಕಾನೊ ಹುಟ್ಟಿದ್ದು 1860ರಲ್ಲಿ. ಓದಿನಲ್ಲಿ ಚುರುಕು, ಮೈಕಟ್ಟಿನಲ್ಲಿ ಸಣಕಲು. ವಸತಿ ಶಾಲೆಯ ದಾಂಡಿಗ ಹುಡುಗರ ಕಾಟ ತಾಳಲಾರದೆ ಜುಜುತ್ಸು ಎಂಬ ಮಲ್ಲವಿದ್ಯೆ ಕಲಿಯುವ ಹಟ ಹಿಡಿದ. ಸಮುರಾಯ್ ಯೋಧರ ಕಾಲ ಮುಗಿದು ಆ ವಿದ್ಯೆಯನ್ನು ಕೇಳುವವರಿರಲಿಲ್ಲ. ಕೊನೆಗೂ 1877ರಲ್ಲಿ ಟೋಕಿಯೊದಲ್ಲಿ ಫುಕುದಾ ಹಾಚಿನೊಸುಕೆ ಎಂಬ ಗುರು ಸಿಕ್ಕರು.

ಅಲ್ಲಿ ಫುಕುಶಿಮಾ ಎಂಬ ಭಾರಿ ಆಳು ಕಾನೊನನ್ನು ಪದೇ ಪದೇ ಕೆಡವುತ್ತಿದ್ದ. ಕಾನೊ ಸುಮೊ ಪಟ್ಟುಗಳನ್ನು ಪ್ರಯತ್ನಿಸಿದ, ಫಲಿಸಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ತಿರುವಿಹಾಕಿದ. ಎದುರಾಳಿಯ ಕೆಳಗೆ ನುಗ್ಗಿ ಹೆಗಲಿಗೇರಿಸಿ ಉರುಳಿಸುವ ಪಟ್ಟೊಂದು ಸಿಕ್ಕಿತು. ಫುಕುಶಿಮಾ ನೆಲ ಕಂಡ. ಆದರೆ ಅದು ಒಬ್ಬನಿಗೆ ಒದಗಿದ ಒಂದು ಪಟ್ಟು. ಎಲ್ಲ ಪಟ್ಟುಗಳ ಹಿಂದಿರುವ ಸೂತ್ರ ಕಾನೊಗೆ ಇನ್ನೂ ಸಿಕ್ಕಿರಲಿಲ್ಲ.

1882ರಲ್ಲಿ ಏಶೋಜಿ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಜಾಗದಲ್ಲಿ, ಜೂಡೊ ಎಂದು ಹೆಸರಿಟ್ಟ ತನ್ನ ವಿದ್ಯೆಗಾಗಿ ಕೊಡೊಕಾನ್ ಶಾಲೆ ತೆರೆದ ಮೇಲೂ ಅವನು ಜುಜುತ್ಸುವಿನ ಕಿತೊ ಪರಂಪರೆಯ ಗುರು ಈಕುಬೊ ಅವರ ಬಳಿ ಅಭ್ಯಾಸ ಬಿಡಲಿಲ್ಲ. ಅವರ ಮುಂದೆ ಸದಾ ಬೀಳುವವನು ಅವನೇ. 1885ರ ಸುಮಾರಿಗೆ ಒಂದು ದಿನ ಎಲ್ಲ ತಿರುಗುಮುರುಗಾಯಿತು. ಗುರುಗಳು ಎಸೆಯಲು ಬಂದರೆ ಪಟ್ಟು ಹತ್ತುತ್ತಿಲ್ಲ, ಕಾನೊ ಎಸೆದರೆ ಅವರು ಬೀಳುತ್ತಿದ್ದಾರೆ. ಬೆರಗಾದ ಗುರುಗಳಿಗೆ ಅವನು ಗುಟ್ಟು ಬಿಡಿಸಿ ಹೇಳಿದ: ಮೊದಲು ಎದುರಾಳಿಯ ಸಮತೋಲ ಕೆಡಿಸಬೇಕು, ಎಸೆತ ಆಮೇಲಿನ ಮಾತು. ಇನ್ನು ನಿನಗೆ ಕಲಿಸಲು ನನ್ನಲ್ಲಿ ಏನೂ ಉಳಿದಿಲ್ಲ ಎಂದರು ಈಕುಬೊ.

ಇದನ್ನು ಕಾನೊ ಮುಂದೆ ಲೆಕ್ಕದಲ್ಲೇ ವಿವರಿಸುತ್ತಿದ್ದ. ಎದುರಾಳಿಯ ಬಲ ಹತ್ತು, ನನ್ನದು ಏಳು ಎನ್ನೋಣ. ಅವನು ತಳ್ಳಿದಾಗ ಎದುರು ನಿಂತರೆ ನಾನು ಸೋಲುತ್ತೇನೆ. ಅಷ್ಟೇ ಹಿಂದೆ ಸರಿದರೆ ಅವನು ಮುಂದಕ್ಕೆ ವಾಲುತ್ತಾನೆ. ವಾಲಿದವನ ಬಳಿ ಉಳಿಯುವುದು ಮೂರರಷ್ಟು ಬಲ, ನನ್ನ ಏಳು ಹಾಗೇ ಇರುತ್ತದೆ. ಕೆಡವಲು ಅದರಲ್ಲಿ ಅರ್ಧ ಸಾಕು.

ಹಾಗೆಂದು ಮೈಬಲ ಲೆಕ್ಕಕ್ಕಿಲ್ಲವೆಂದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸುಮಾರು ಆರೂವರೆ ಅಡಿ ಎತ್ತರದ ಡಚ್ಚ ಆಂಟನ್ ಗೀಸಿಂಕ್, ಜಪಾನಿನ ಕಾಮಿನಾಗಾ ಅವರನ್ನು ಅವರ ನೆಲದಲ್ಲೇ ಅದುಮಿ ಹಿಡಿದು, ತೂಕದ ಮಿತಿಯಿಲ್ಲದ ಮುಕ್ತ ವಿಭಾಗದ ಚಿನ್ನ ಗೆದ್ದರು. ಕಾನೊನ ವಿದ್ಯೆ ಗೀಸಿಂಕ್‌ಗೂ ಕರಗತವಾಗಿತ್ತು. ವಿದ್ಯೆ ಸಮನಾದಾಗ ತೂಕ ಮೇಲುಗೈ ಪಡೆಯುತ್ತದೆ. ಜೂಡೊದಲ್ಲಿ ತೂಕದ ವಿಭಾಗಗಳಿರುವುದು ಅದಕ್ಕೇ.

ಅಷ್ಟಾದರೂ ಜೂಡೊ ಕಲಿಯಲು ಬರುವ ಸಣ್ಣ ಮೈಯ ಮಗುವಿಗೆ ಮೊದಲು ಹೇಳಿಕೊಡಬೇಕಾದದ್ದು ಇದೇ: ಎದುರಾಳಿ ಎಷ್ಟು ದೊಡ್ಡವನೆಂದು ಅಳೆಯಬೇಡ, ಅವನ ಭಾರ ಈಗ ಯಾವ ಕಾಲಿನ ಮೇಲಿದೆ ನೋಡು.