ಹತ್ತು ದಿನದ ಕರೆಗೆ ಕಾದು ಕೂತವರ ಲೀಗು

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ನಾನು ಹನ್ನೆರಡನೆಯವ. ತಂಡದಲ್ಲಿ ಇರುವುದೇ ಹನ್ನೆರಡು ಜನ. ಇಷ್ಟು ಹೇಳಿದರೆ ನನ್ನ ಆಟದ ಮಟ್ಟ ನಿಮಗೆ ಅರ್ಥವಾಗಿರುತ್ತದೆ. ಮೂರು ವರ್ಷದಲ್ಲಿ ಅಂಕಣಕ್ಕೆ ಇಳಿದದ್ದಕ್ಕಿಂತ ನೀರಿನ ಬಾಟಲಿ ಹೊತ್ತದ್ದೇ ಹೆಚ್ಚು. ಆದರೂ ಪ್ರತಿ ಪಂದ್ಯಕ್ಕೂ ಶೂ ಲೇಸ್ ಬಿಗಿಯಾಗಿ ಕಟ್ಟಿಕೊಂಡೇ ಬೆಂಚಿನ ಮೇಲೆ ಕೂರುತ್ತೇನೆ. ಯಾರಿಗೂ ಏಟಾಗದಿರಲಿ ದೇವರೇ ಅಂತ ಬಾಯಿ ಹೇಳುತ್ತದೆ. ಯಾರಿಗಾದರೂ ಸಣ್ಣದಾಗಿ ಕಾಲು ಉಳುಕಬಾರದೇ ಅಂತ ಮನಸ್ಸಿನ ಮೂಲೆಯೊಂದು ಪಿಸುಗುಟ್ಟುತ್ತದೆ. ಬೆಂಚಿನ ಮೇಲೆ ಕೂತವರಿಗಷ್ಟೇ ಗೊತ್ತಿರುವ ಪಾಪ ಇದು!

ಹೀಗೆ ಲೇಸ್ ಕಟ್ಟಿಕೊಂಡು ಕಾಯುವವರಿಗಾಗಿಯೇ ಅಮೆರಿಕದಲ್ಲಿ ಒಂದು ಇಡೀ ಲೀಗ್ ಇತ್ತು ಎಂದು ತಿಳಿದಾಗ ನನಗೆ ಖುಷಿಯಾಯಿತು. ಅದು ಹೇಗೆ ಸತ್ತಿತು ಎಂದು ತಿಳಿದಾಗ ರಾತ್ರಿ ನಿದ್ದೆ ಬರಲಿಲ್ಲ. ಅದರ ಹೆಸರು ಕಾಂಟಿನೆಂಟಲ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್. ಚಿಕ್ಕದಾಗಿ ಸಿಬಿಎ.

ಗಣಿ ಊರುಗಳ ವಾರಾಂತ್ಯ

ಬಾಸ್ಕೆಟ್‌ಬಾಲ್ ಅಂದರೆ ನಮಗೆಲ್ಲ ನೆನಪಾಗುವುದು ಎನ್‌ಬಿಎ. ಮೈಕೆಲ್ ಜೋರ್ಡಾನ್, ಕೋಬಿ ಬ್ರಯಾಂಟ್, ಲೆಬ್ರಾನ್ ಜೇಮ್ಸ್. ಆದರೆ ಸಿಬಿಎ ಅದಕ್ಕಿಂತ ಕೆಲವು ವಾರ ಹಿರಿಯದು. ಎನ್‌ಬಿಎ ತನ್ನ ಹುಟ್ಟಿದ ದಿನ ಎಂದು ಲೆಕ್ಕ ಹಾಕುವುದು 1946ರ ಜೂನ್ 6ನ್ನು. ಸಿಬಿಎ ಹುಟ್ಟಿದ್ದು ಅದೇ ವರ್ಷದ ಏಪ್ರಿಲ್ 23ರಂದು. ಆಗ ಅದರ ಹೆಸರು ಈಸ್ಟರ್ನ್ ಪೆನ್ಸಿಲ್ವೇನಿಯಾ ಬಾಸ್ಕೆಟ್‌ಬಾಲ್ ಲೀಗ್.

ಪೆನ್ಸಿಲ್ವೇನಿಯಾದ ಪೂರ್ವ ಭಾಗದಲ್ಲಿ ಕಲ್ಲಿದ್ದಲು ಗಣಿಗಳ ಊರುಗಳಿವೆ. ವಿಲ್ಕ್ಸ್-ಬ್ಯಾರಿ, ಹೇಜಲ್‌ಟನ್, ಸ್ಕ್ರ್ಯಾಂಟನ್. ನ್ಯೂಯಾರ್ಕ್, ಬೋಸ್ಟನ್‌ಗಳ ಹಾಗೆ ಥಳಕಿನ ಊರುಗಳಲ್ಲ. ಆಟಗಾರರು ವಾರವಿಡೀ ಬೇರೆ ಕೆಲಸ ಮಾಡುತ್ತಿದ್ದರು. ಶನಿವಾರ, ಭಾನುವಾರ ಬಂತೆಂದರೆ ಕಾರು ಹತ್ತಿ ಪಂದ್ಯಕ್ಕೆ ಹೊರಡುತ್ತಿದ್ದರು. ಸೋಮವಾರ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹಾಜರು.

ಹಣ ಕಡಿಮೆಯಿದ್ದರೂ ಈ ಲೀಗಿನ ಬಾಗಿಲು ದೊಡ್ಡದಿತ್ತು. ಎನ್‌ಬಿಎಯಲ್ಲಿ ಕಪ್ಪು ವರ್ಣದ ಆಟಗಾರರಿಗೆ ಮೊದಲು ಅವಕಾಶ ಸಿಕ್ಕಿದ್ದು 1950ರಲ್ಲಿ. ಹೇಜಲ್‌ಟನ್ ತಂಡದಲ್ಲಿ 1946-47ರ ಮೊದಲ ಋತುವಿನಲ್ಲೇ ಅವರು ಆಡಿದ್ದರು. ದೊಡ್ಡ ಮನೆಯವರು ಹೊರಗೆ ನಿಲ್ಲಿಸಿದವರನ್ನು ಚಿಕ್ಕ ಮನೆ ಒಳಗೆ ಕರೆದು ಕೂರಿಸಿತ್ತು.

ಸೋತರೂ ಅಂಕ!

1977ರಲ್ಲಿ ದೂರದ ಅಲಾಸ್ಕಾದ ಆಂಕರೇಜ್ ಊರಿನ ತಂಡವೂ ಸೇರಿಕೊಂಡಿತು. ಇನ್ನು ಹೆಸರಲ್ಲಿ ‘ಈಸ್ಟರ್ನ್’ ಅಂತ ಇಟ್ಟುಕೊಳ್ಳುವುದು ತಮಾಷೆಯಾಗುತ್ತಿತ್ತು. ಹಾಗಾಗಿ 1978ರಲ್ಲಿ ಅದು ಸಿಬಿಎ ಆಯಿತು. ಆಗ ಬಂದ ಕಮಿಷನರ್ ಜಿಮ್ ಡ್ರಕರ್. ಲೀಗಿನಲ್ಲಿ ಸ್ಟಾರ್‌ಗಳಿಲ್ಲ, ಟಿವಿ ದುಡ್ಡಿಲ್ಲ. ಜನ ಯಾಕೆ ಬರಬೇಕು? ಡ್ರಕರ್ ನಿಯಮಗಳನ್ನೇ ಬದಲಿಸಿದರು.

ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಏಳು ಅಂಕದ ಲೆಕ್ಕ. ಒಂದು ಪಂದ್ಯಕ್ಕೆ ಒಟ್ಟು ಏಳು ಅಂಕ. ಪಂದ್ಯ ಗೆದ್ದವರಿಗೆ ಮೂರು. ಉಳಿದ ನಾಲ್ಕು, ನಾಲ್ಕು ಕ್ವಾರ್ಟರ್‌ಗಳಿಗೆ ಒಂದೊಂದು. ಯಾವ ಕ್ವಾರ್ಟರ್ ಯಾರು ಗೆಲ್ಲುತ್ತಾರೋ ಆ ಅಂಕ ಅವರದ್ದು. ಅಂದರೆ ಮೊದಲ ಕ್ವಾರ್ಟರಿನಲ್ಲಿ ಇಪ್ಪತ್ತು ಪಾಯಿಂಟ್ ಹಿಂದೆ ಬಿದ್ದು ಪಂದ್ಯ ಸೋತ ತಂಡ, ಉಳಿದ ಮೂರು ಕ್ವಾರ್ಟರ್ ಗೆದ್ದಿದ್ದರೆ ಅದಕ್ಕೆ ಮೂರು ಅಂಕ ಸಿಗುತ್ತಿತ್ತು. ಗೆದ್ದ ತಂಡಕ್ಕೆ ನಾಲ್ಕು.

ಇದರ ಪರಿಣಾಮ ಯೋಚಿಸಿ. ಪಂದ್ಯ ಕೈತಪ್ಪಿದೆ ಎಂದು ಗೊತ್ತಾದ ಮೇಲೂ ಯಾರೂ ಕೈಚೆಲ್ಲುವಂತಿರಲಿಲ್ಲ. ಕೊನೆಯ ಕ್ವಾರ್ಟರಿಗೂ ಬೆಲೆ ಇತ್ತು.

ಹತ್ತೇ ದಿನ

ಸಿಬಿಎ ಆಟಗಾರನ ಕಣ್ಣು ಮಾತ್ರ ಸದಾ ಫೋನಿನ ಮೇಲೆ. ಎನ್‌ಬಿಎಯಲ್ಲಿ ‘ಹತ್ತು ದಿನದ ಒಪ್ಪಂದ’ ಎಂಬ ವ್ಯವಸ್ಥೆ ಇದೆ. ಋತುವಿನ ನಡುವೆ ಯಾರಿಗಾದರೂ ಗಾಯವಾದರೆ ಹೊರಗಿನ ಆಟಗಾರನನ್ನು ಹತ್ತು ದಿನಕ್ಕೆ ಕರೆಸಿಕೊಳ್ಳಬಹುದು. ಇಷ್ಟವಾದರೆ ಇನ್ನೂ ಹತ್ತು ದಿನ. ಆಮೇಲೆ ಒಂದೋ ಋತು ಮುಗಿಯುವ ತನಕ ಇಟ್ಟುಕೊಳ್ಳಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಅಂಥ ಕರೆ ಹೆಚ್ಚಾಗಿ ಬರುತ್ತಿದ್ದದ್ದು ಸಿಬಿಎ ಆಟಗಾರರಿಗೆ.

ಜಾನ್ ಸ್ಟಾರ್ಕ್ಸ್ ಎಂಬವನ ಕತೆ ಕೇಳಿ. ಸೂಪರ್ ಮಾರ್ಕೆಟಿನಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬುವ ಕೆಲಸ ಮಾಡುತ್ತಿದ್ದ ಹುಡುಗ. ಎನ್‌ಬಿಎ ಡ್ರಾಫ್ಟಿನಲ್ಲಿ ಯಾವ ತಂಡವೂ ಅವನ ಹೆಸರು ಕರೆಯಲಿಲ್ಲ. ಒಂದು ತಂಡ ಅವಕಾಶ ಕೊಟ್ಟು ಕೈಬಿಟ್ಟಿತು. ಅಯೋವಾದ ಸೀಡರ್ ರ‍್ಯಾಪಿಡ್ಸ್ ಊರಿನ ಸಿಬಿಎ ತಂಡದಲ್ಲಿ ಆಡಿದ. 1990ರಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ಅಭ್ಯಾಸ ಶಿಬಿರಕ್ಕೆ ಹೋದಾಗ, ಏಳಡಿ ಎತ್ತರದ ದೈತ್ಯ ಪ್ಯಾಟ್ರಿಕ್ ಯೂಯಿಂಗ್ ಮೇಲೆಯೇ ಡಂಕ್ ಮಾಡಲು ಹಾರಿ, ಬಿದ್ದು, ಮೊಣಕಾಲು ಗಾಯ ಮಾಡಿಕೊಂಡ. ಗಾಯಗೊಂಡವನನ್ನು ತಂಡದಿಂದ ಕೈಬಿಡುವಂತಿರಲಿಲ್ಲ. ಆ ಗಾಯದಿಂದಲೇ ಉಳಿದುಕೊಂಡ ಸ್ಟಾರ್ಕ್ಸ್, 1994ರಲ್ಲಿ ಎನ್‌ಬಿಎ ಆಲ್‌ಸ್ಟಾರ್ ಆದ!

ಮಾರಿಯೋ ಎಲಿ ಪೋರ್ಚುಗಲ್, ಅರ್ಜೆಂಟೀನಾ, ಐರ್ಲೆಂಡ್ ಎಲ್ಲ ಸುತ್ತಿ, ನ್ಯೂಯಾರ್ಕ್ ರಾಜ್ಯದ ಆಲ್ಬನಿ ಪಟ್ರೂನ್ಸ್ ಎಂಬ ಸಿಬಿಎ ತಂಡಕ್ಕೆ ಬಂದ. ಅಲ್ಲಿಂದ ಎನ್‌ಬಿಎಗೆ ಹೋಗಿ ಮೂರು ಬಾರಿ ಚಾಂಪಿಯನ್ ತಂಡದಲ್ಲಿದ್ದ. ಆಟಗಾರರಷ್ಟೇ ಅಲ್ಲ, ಕೋಚ್‌ಗಳೂ ಇಲ್ಲೇ ಕಲಿತರು. ಮುಂದೆ ಎನ್‌ಬಿಎಯಲ್ಲಿ 11 ಪ್ರಶಸ್ತಿ ಗೆದ್ದ ಕೋಚ್ ಫಿಲ್ ಜಾಕ್ಸನ್, ತರಬೇತುದಾರನಾಗಿ ಗೆದ್ದ ಮೊದಲ ಕಿರೀಟ 1984ರ ಸಿಬಿಎ ಪ್ರಶಸ್ತಿ. ಅದೂ ಇದೇ ಆಲ್ಬನಿ ತಂಡದ ಜೊತೆ. ಜಾರ್ಜ್ ಕಾರ್ಲ್ ಕೋಚ್ ಆಗಿದ್ದ 1990-91ರ ಋತುವಿನಲ್ಲಿ ಆಲ್ಬನಿ 50 ಪಂದ್ಯ ಗೆದ್ದು ಆರು ಮಾತ್ರ ಸೋತಿತು. ತವರಿನ 28 ಪಂದ್ಯಗಳಲ್ಲಿ 28ನ್ನೂ ಗೆದ್ದಿತು. ಆದರೆ ಪ್ರಶಸ್ತಿ ಸಿಗಲಿಲ್ಲ. ಬೆಂಚಿನವರ ಹಣೆಬರಹ ಅಂದರೆ ಇದೇ ಇರಬೇಕು.

ಒಬ್ಬನ ಕೈಗೆ ಹೋದ ಏಣಿ

ಆಟ ಕೆಟ್ಟಿದ್ದರಿಂದ ಸಿಬಿಎ ಬಿದ್ದಿತು ಎಂದಾಗಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಅಲ್ಲಿಯ ತನಕ ಒಂದೊಂದು ಊರಿನ ತಂಡಕ್ಕೂ ಒಬ್ಬೊಬ್ಬ ಮಾಲೀಕನಿದ್ದ. ಲಾಭವಿಲ್ಲ, ನಷ್ಟವೇ ಹೆಚ್ಚು. ಆದರೂ ಒಬ್ಬ ಕೈಬಿಟ್ಟರೆ ಇನ್ನೊಬ್ಬ ಹಿಡಿಯುತ್ತಿದ್ದ. ಒಂದು ಊರಿನಲ್ಲಿ ತಂಡ ಮುಚ್ಚಿದರೆ ಮತ್ತೊಂದು ಊರಿನಲ್ಲಿ ಹುಟ್ಟುತ್ತಿತ್ತು. 1999ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್‌ನ ಹಳೆಯ ಹೀರೋ ಐಸಯಾ ಥಾಮಸ್, ಸುಮಾರು 1 ಕೋಟಿ ಡಾಲರ್‌ಗೆ ಲೀಗಿನ ಎಲ್ಲ ತಂಡಗಳನ್ನೂ ಒಟ್ಟಿಗೆ ಕೊಂಡರು. ಎನ್‌ಬಿಎಗೆ ಅಧಿಕೃತವಾಗಿ ಆಟಗಾರರನ್ನು ತಯಾರು ಮಾಡುವ ಲೀಗ್ ಆಗಿ ಇದನ್ನು ಬೆಳೆಸುವ ಆಸೆ ಅವರದ್ದು. ಖರ್ಚು ಇಳಿಸಲು ಆಟಗಾರರ ಸಂಬಳವನ್ನೂ ಕಡಿತ ಮಾಡಲಾಯಿತು.

ಮರುವರ್ಷ ಎರಡು ಏಟು ಒಟ್ಟಿಗೆ ಬಿದ್ದವು. ಸಿಬಿಎಯನ್ನು ಕೊಳ್ಳುವ ಮಾತು ಮುರಿದುಬಿದ್ದ ಮೇಲೆ ಎನ್‌ಬಿಎ ತನ್ನದೇ ಕಿರಿಯ ಲೀಗ್ ಕಟ್ಟಲು ಹೊರಟಿತು. ಅದೇ ಹೊತ್ತಿಗೆ ಥಾಮಸ್‌ಗೆ ಎನ್‌ಬಿಎಯ ಇಂಡಿಯಾನಾ ಪೇಸರ್ಸ್ ತಂಡದ ಕೋಚ್ ಹುದ್ದೆ ಬಂತು. ಎನ್‌ಬಿಎ ಕೋಚ್ ಆದವನು ಬೇರೆ ಲೀಗಿನ ಮಾಲೀಕನಾಗಿರುವಂತಿಲ್ಲ. ಥಾಮಸ್ ಸಿಬಿಎಯನ್ನು ಒಂದು ಟ್ರಸ್ಟ್‌ಗೆ ವಹಿಸಿ ಕೋಚ್ ಆಗಿ ಹೋದರು. 2001ರ ಫೆಬ್ರುವರಿಯಲ್ಲಿ, ಋತುವಿನ ಮಧ್ಯದಲ್ಲೇ, ಇಡೀ ಲೀಗ್ ನಿಂತುಹೋಯಿತು. ಆಮೇಲೆ ದಿವಾಳಿ.

ಐವತ್ತು ವರ್ಷ ಹತ್ತಾರು ಜನ ಕೈಕೈ ಬದಲಿಸಿ ಹಿಡಿದಿದ್ದ ಏಣಿ, ಒಬ್ಬನ ಕೈಗೆ ಹೋದ ಎರಡೇ ವರ್ಷದಲ್ಲಿ ಕೆಳಗೆ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ಎನ್‌ಬಿಎ ತನ್ನ ಡೆವಲಪ್‌ಮೆಂಟ್ ಲೀಗ್ ಶುರು ಮಾಡಿತು. ಈಗ ಜಿ ಲೀಗ್ ಎಂದು ಕರೆಯುವುದು ಅದನ್ನೇ.

ಹಳೆಯ ಮಾಲೀಕರು ಕೆಲವರು ಸೇರಿ ಸಿಬಿಎಯನ್ನು ಮತ್ತೆ ಎಬ್ಬಿಸಿದರು. ಅದು ಕುಂಟುತ್ತಾ ಇನ್ನೂ ಎಂಟು ವರ್ಷ ನಡೆಯಿತು. 2006ರಲ್ಲಿ ಡಕೋಟಾ, ಸೂ ಫಾಲ್ಸ್, ಐಡಾಹೋದ ಒಳ್ಳೆಯ ತಂಡಗಳು ಎನ್‌ಬಿಎಯ ಲೀಗಿಗೆ ಹೋದವು. 2008-09ಕ್ಕೆ ಉಳಿದದ್ದು ನಾಲ್ಕೇ ತಂಡ. ಋತು ಪೂರ್ತಿಯಾಗುವ ಮೊದಲೇ ಆಟ ನಿಲ್ಲಿಸಿ, ಆಲ್ಬನಿ ಮತ್ತು ಒಕ್ಲಹೋಮಾದ ಲಾಟನ್ ತಂಡಗಳ ನಡುವೆ ಫೈನಲ್ ಆಡಿಸಿ ಬಾಗಿಲು ಹಾಕಿದರು. ಗೆದ್ದದ್ದು ಲಾಟನ್.

ನಮ್ಮ ಎರಡನೇ ಮೆಟ್ಟಿಲು

ಎಲ್ಲಿಯದೋ ಅಮೆರಿಕದ ಕತೆ ನಮಗೇಕೆ ಅಂತೀರಾ? ಎರಡನೇ ದರ್ಜೆಯ ಲೀಗಿಗೂ ನಮ್ಮವರಿಗೂ ನಂಟಿದೆ. ಭಾರತೀಯ ಮೂಲದ ಮೊದಲ ಎನ್‌ಬಿಎ ಆಟಗಾರ ಸಿಮ್ ಭುಲ್ಲರ್ 2015ರಲ್ಲಿ ಅಂಕಣಕ್ಕಿಳಿದದ್ದು ಹತ್ತು ದಿನದ ಒಪ್ಪಂದದ ಮೇಲೆ, ಡೆವಲಪ್‌ಮೆಂಟ್ ಲೀಗಿನಿಂದ ಬಂದು. ಅದೇ ವರ್ಷ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಪಂಜಾಬಿನ ಸತ್ನಾಮ್ ಸಿಂಗ್ ಆಡಿದ್ದೂ ಆ ಲೀಗಿನಲ್ಲೇ.

2015ರಲ್ಲಿ ನಮ್ಮಲ್ಲೂ ಯುಬಿಎ ಎಂಬ ವೃತ್ತಿಪರ ಲೀಗ್ ಶುರುವಾಗಿತ್ತು. ಬೆಂಗಳೂರು ಬೀಸ್ಟ್ ಎಂಬ ತಂಡವೂ ಇತ್ತು. ಅಮ್‌ಜ್ಯೋತ್ ಸಿಂಗ್ 2017ರಲ್ಲಿ ಅಮೆರಿಕದ ಜಿ ಲೀಗಿಗೆ ಹೋದರು. ಆ ವರ್ಷದ ನಂತರ ಯುಬಿಎ ನಡೆಯಲಿಲ್ಲ. ನಮ್ಮ ಕಾಲೇಜಿನ ಸೀನಿಯರ್ ಒಬ್ಬರು ಆ ಲೀಗಿನ ಕನಸಿನಲ್ಲೇ ಬೆಳಿಗ್ಗೆ ಐದಕ್ಕೆ ಎದ್ದು ಇನ್ನೂರು ಶಾಟ್ ಹೊಡೆಯುತ್ತಿದ್ದರಂತೆ. ಈಗ ಷಿಫ್ಟ್ ಕೆಲಸದಲ್ಲಿದ್ದಾರೆ. ಭಾನುವಾರ ಕೆಲವೊಮ್ಮೆ ಅಂಕಣಕ್ಕೆ ಬಂದು ನಮಗೆ ಶಾಟ್ ಹೇಳಿಕೊಡುತ್ತಾರೆ. ‘ನೀವ್ಯಾಕೆ ಬಿಟ್ರಿ?’ ಅಂತ ಒಮ್ಮೆ ಕೇಳಿದೆ. ‘ನಾನೆಲ್ಲಿ ಬಿಟ್ಟೆ? ಮುಂದೆ ಹತ್ತೋಕೆ ಮೆಟ್ಟಿಲೇ ಇರ‍್ಲಿಲ್ಲ ಕಣೋ’ ಅಂದರು.

ಕೋಟಿ ಬೆಲೆಯ ಸ್ಟಾರ್‌ಗಳು ಎಲ್ಲಿದ್ದರೂ ಹುಟ್ಟುತ್ತಾರೆ, ನಿಜ. ಆದರೆ ಇನ್ನೊಂದು ಅವಕಾಶ ಸಿಕ್ಕರೆ ಅರಳಬಹುದಾದ ಸ್ಟಾರ್ಕ್ಸ್‌ನಂಥವರಿಗೆ ಸಣ್ಣ ಊರಿನ, ಸಣ್ಣ ಸಂಬಳದ, ಸಣ್ಣ ಲೀಗೇ ಬೇಕು. ಅದು ಒಬ್ಬ ಶ್ರೀಮಂತನ ಮರ್ಜಿಯಿಂದ ಉಳಿಯುವುದಿಲ್ಲ. ಊರಿನವರು ನನ್ನ ತಂಡ ಅಂತ ಹಿಡಿದುಕೊಂಡರೆ ಉಳಿಯುತ್ತದೆ. ಮುಂದಿನ ಬಾರಿ ನಿಮ್ಮೂರ ಅಂಕಣದಲ್ಲಿ ಯಾವುದೋ ಹೆಸರಿಲ್ಲದ ಟೂರ್ನಿ ನಡೆದರೆ ಐದು ನಿಮಿಷ ನಿಂತು ನೋಡಿ.

ಅಂದ ಹಾಗೆ, ಕಳೆದ ತಿಂಗಳು ಅಂತರಕಾಲೇಜು ಪಂದ್ಯದಲ್ಲಿ ನಾವು 21 ಪಾಯಿಂಟ್‌ಗಳಿಂದ ಸೋತೆವು. ಸೋಲು ಖಚಿತವಾದ ಮೇಲೆ ಕೊನೆಯ ಕ್ವಾರ್ಟರಿಗೆ ಕೋಚ್ ಬೆಂಚಿನವರನ್ನೆಲ್ಲ ಇಳಿಸಿದರು. ಎದುರಾಳಿಗಳೂ ತಮ್ಮ ಬೆಂಚಿನವರನ್ನೇ ಇಳಿಸಿದ್ದರು ಅನ್ನಿ. ಆ ಹತ್ತು ನಿಮಿಷದ ಸ್ಕೋರು ನಮ್ಮದು 14, ಅವರದ್ದು 11. ಯಾರೂ ಬರೆದುಕೊಳ್ಳಲಿಲ್ಲ.

ಸಿಬಿಎ ಲೆಕ್ಕದಲ್ಲಿ ಅದು ಒಂದು ಅಂಕ. ನಾನು ಬರೆದುಕೊಂಡಿದ್ದೇನೆ.