ಸುಖವಾಗಿ ಮರಳಿದ್ದೇ ಸಾಕ್ಷಿಯಾದಾಗ

2003ರ ಜನವರಿ 16ರಂದು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ನೆಲ ಬಿಟ್ಟು 82 ಸೆಕೆಂಡ್ ಆಗುವಷ್ಟರಲ್ಲಿ ಇಂಧನದ ಟ್ಯಾಂಕಿಗೆ ಹೊದಿಸಿದ್ದ ಫೋಮಿನ ತುಂಡೊಂದು ಕಳಚಿ ಎಡರೆಕ್ಕೆಯ ಮುಂದಿನ ಅಂಚಿಗೆ ಬಡಿಯಿತು. ತೂಕ ಮುಕ್ಕಾಲು ಕಿಲೋ ಇದ್ದೀತು. ಫೆಬ್ರವರಿ 1ರಂದು ನೌಕೆ ಭೂಮಿಗೆ ಮರಳುವಾಗ ಆ ಗಾಯದ ಮೂಲಕ ನುಗ್ಗಿದ ಕಾದ ಅನಿಲ ರೆಕ್ಕೆಯನ್ನು ಒಳಗಿನಿಂದಲೇ ಕರಗಿಸಿತು; ಕಲ್ಪನಾ ಚಾವ್ಲಾ ಸೇರಿದಂತೆ ಏಳೂ ಮಂದಿ ತೀರಿಕೊಂಡರು. ಅದಕ್ಕೂ ಹದಿನೇಳು ವರ್ಷ ಹಿಂದೆ, 1986ರ ಜನವರಿ 28ರಂದು, ಇದೇ ನಾಸಾ ಚಾಲೆಂಜರ್ ನೌಕೆಯನ್ನೂ ಏಳು ಜನರನ್ನೂ ಕಳೆದುಕೊಂಡಿತ್ತು. ಆಗ ಕೈಕೊಟ್ಟದ್ದು ಬೂಸ್ಟರ್ ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರ್ ಉಂಗುರ. ರಬ್ಬರಿಗೂ ಫೋಮಿಗೂ ತಾಂತ್ರಿಕವಾಗಿ ಏನೇನೂ ಸಂಬಂಧವಿಲ್ಲ. ಆದರೂ ಕೊಲಂಬಿಯಾ ತನಿಖಾ ಮಂಡಳಿಗೆ ಎರಡನೆಯ ದುರಂತದಲ್ಲಿ ಮೊದಲನೆಯದರ ಪ್ರತಿಧ್ವನಿಯೇ ಕೇಳಿಸಿತು. ನಾಸಾ ಕೀಲನ್ನು ಹೊಸದಾಗಿ ವಿನ್ಯಾಸ ಮಾಡಿ ರಬ್ಬರಿನ ಪಾಠ ಕಲಿತಿತ್ತು. ತೀರ್ಮಾನ ಕೈಗೊಳ್ಳುವ ರೀತಿಯ ಪಾಠ ಮಾತ್ರ ಬಾಕಿ ಉಳಿದಿತ್ತು.

ಇಂಥ ಪ್ರಸಂಗಗಳಲ್ಲಿ ಮೊದಲು ಬರುವ ಸಲಹೆ, ಅನುಭವವನ್ನು ದಾಖಲಿಸಿಡಿ ಎಂಬುದು. ನಾಸಾದಲ್ಲಿ ಕಲಿತ ಪಾಠಗಳಿಗೆಂದೇ ಕಂಪ್ಯೂಟರ್ ಕಣಜವೊಂದಿತ್ತು. ಅದನ್ನು ಯೋಜನೆಯ ಮುಖ್ಯಸ್ಥರು ಸರಿಯಾಗಿ ಬಳಸುತ್ತಿಲ್ಲವೆಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2002ರ ಜನವರಿಯಲ್ಲೇ, ಅಂದರೆ ಕೊಲಂಬಿಯಾ ಏರುವ ಒಂದು ವರ್ಷ ಮುಂಚೆ, ವರದಿ ಕೊಟ್ಟಿತ್ತು. ಆದರೆ ಎಲ್ಲರೂ ತಪ್ಪದೆ ಆ ಕಣಜ ನೋಡಿದ್ದರೂ ಎಷ್ಟು ಪ್ರಯೋಜನವಾಗುತ್ತಿತ್ತೋ ಅನುಮಾನ. ಏಕೆಂದರೆ ಎರಡೂ ಸಲ ವಿಷಯ ತಿಳಿದವರು ಸಂಸ್ಥೆಯ ಕೈಯಳತೆಯಲ್ಲೇ ಇದ್ದರು. ಬೂಸ್ಟರ್ ತಯಾರಿಸುತ್ತಿದ್ದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರ್ ರೋಜರ್ ಬೋಷೊಲೆ, ಉಂಗುರ ಸೋತರೆ ಜೀವಹಾನಿಯಾಗುತ್ತದೆಂದು 1985ರ ಜುಲೈಯಲ್ಲೇ ತಮ್ಮ ಮೇಲಧಿಕಾರಿಗಳಿಗೆ ಬರೆದಿದ್ದರು.

ತಿಳಿದದ್ದು ಏಕೆ ಕೆಲಸಕ್ಕೆ ಬರಲಿಲ್ಲ? 1981ರ ಮೊಟ್ಟಮೊದಲ ಹಾರಾಟದಲ್ಲೇ ನೌಕೆಯ ಶಾಖನಿರೋಧಕ ಹೆಂಚುಗಳಿಗೆ ಪೆಟ್ಟು ಬಿದ್ದು ಮುನ್ನೂರಕ್ಕೂ ಹೆಚ್ಚನ್ನು ಬದಲಿಸಬೇಕಾಯಿತು. ಟ್ಯಾಂಕಿನಿಂದ ಏನೂ ಉದುರಕೂಡದೆಂದು ಮೂಲ ನಿಯಮವೇ ಇತ್ತು. ಫೋಮ್ ಉದುರುತ್ತ ಹೋಯಿತು, ನೌಕೆ ಮರಳುತ್ತ ಹೋಯಿತು. ನಿಯಮಭಂಗ ರಿಪೇರಿಯ ಬಾಬ್ತಾಯಿತು. 2002ರ ಅಕ್ಟೋಬರಿನಲ್ಲಿ ಟ್ಯಾಂಕಿನ ಅದೇ ಜಾಗದ ಫೋಮ್ ಕಳಚಿ ಬೂಸ್ಟರಿಗೆ ಬಡಿದಾಗಲೂ ಹಾರಾಟಗಳು ನಿಲ್ಲಲಿಲ್ಲ. ಚಾಲೆಂಜರ್ ನಿರ್ಧಾರವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ಇದನ್ನೇ ವಿಚಲನೆಯ ಸಹಜೀಕರಣ ಎಂದರು: ಯಾರೂ ಬೇಕೆಂದು ನಿಯಮ ಮುರಿಯುವುದಿಲ್ಲ, ಮುರಿದದ್ದು ನಿಧಾನವಾಗಿ ಮಾಮೂಲಾಗುತ್ತದೆ. ಬ್ರೇಕ್ ಸವೆದ ಬಸ್ಸು ಘಾಟಿ ಇಳಿದು ಬಂತೆಂದರೆ ಬ್ರೇಕಿಗೆ ಅದು ಪ್ರಮಾಣಪತ್ರವಾಗದು. ಸಂಸ್ಥೆಯ ಕಡತದಲ್ಲಿ ಮಾತ್ರ ಅದು ಯಶಸ್ವಿ ಪ್ರಯಾಣ. ಸಂಶೋಧಕರಾದ ರಾಬಿನ್ ಡಿಲನ್ ಮತ್ತು ಕ್ಯಾಥರೀನ್ ಟಿನ್ಸ್ಲಿ ನಡೆಸಿದ ಪ್ರಯೋಗಗಳಲ್ಲೂ, ಅದೃಷ್ಟದಿಂದ ಪಾರಾದ ಯೋಜನೆಯ ನಾಯಕರಿಗೆ ಜನ ಹೆಚ್ಚುಕಡಿಮೆ ಗೆದ್ದವರಿಗೆ ಸಿಗುವ ಮೆಚ್ಚುಗೆಯನ್ನೇ ಕೊಟ್ಟರು. ಹೀಗೆ ಗೆಲುವಿನ ಖಾತೆಗೆ ಜಮೆಯಾದ ಎಚ್ಚರಿಕೆಯನ್ನು ಪಾಠವೆಂದು ಹುಡುಕುವವರಾದರೂ ಯಾರು?

ದುರಂತ ನಡೆದ ಮೇಲೆ ಎಲ್ಲರೂ ಜಾಣರೇ ಎಂಬ ಆಕ್ಷೇಪ ಇಲ್ಲಿ ನ್ಯಾಯವಾದದ್ದೇ. ಬಾಹ್ಯಾಕಾಶ ನೌಕೆಯಂಥ ಯಂತ್ರದಲ್ಲಿ ಅನುಮಾನಕ್ಕೆ ಎಡೆಗೊಡುವ ಭಾಗಗಳು ಸಾವಿರಾರು. ಪ್ರತಿಯೊಂದಕ್ಕೂ ನಿಂತರೆ ಹಾರುವುದೇ ಇಲ್ಲ. ಆದರೆ ಪ್ರಶ್ನೆ ಇರುವುದು ಪುರಾವೆಯ ಹೊಣೆ ಯಾರದೆಂಬಲ್ಲಿ. ಚಾಲೆಂಜರ್ ಏರುವ ಹಿಂದಿನ ರಾತ್ರಿಯ ಫೋನ್ ಸಭೆಯಲ್ಲಿ ಎಂಜಿನಿಯರುಗಳು, ಉಂಗುರದ ಉಷ್ಣತೆ 12 ಡಿಗ್ರಿಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದರು. ಅದಕ್ಕಿಂತ ಚಳಿಯಲ್ಲಿ ಹಾರಿದ ಅನುಭವವೇ ಇರಲಿಲ್ಲ. ಸುರಕ್ಷಿತವೆಂದು ತೋರಿಸಿ ಎಂದು ಕೇಳಬೇಕಾಗಿದ್ದ ಸಭೆ, ಅಪಾಯವನ್ನು ಸಾಬೀತು ಮಾಡಿ ಎಂದು ಅವರನ್ನೇ ಕೇಳಿತು. ಮರುದಿನ ನೌಕೆ ಏರಿದಾಗ ಹವೆ ಸುಮಾರು 2 ಡಿಗ್ರಿ. ಕೊಲಂಬಿಯಾ ಕಕ್ಷೆಯಲ್ಲಿದ್ದಾಗ ರೆಕ್ಕೆಯ ಚಿತ್ರ ತೆಗೆಸಿಕೊಡಿ ಎಂದು ಕೇಳಿದವರಿಗೂ ಇದೇ ಗತಿ: ಚಿತ್ರ ಬೇಕೆನ್ನಲು ಪುರಾವೆ ಬೇಕು, ಪುರಾವೆ ಸಿಗಬೇಕಾದರೆ ಚಿತ್ರ ಬೇಕು. 2003ರ ಜುಲೈಯಲ್ಲಿ ಟೆಕ್ಸಸ್‌ನ ಪ್ರಯೋಗಾಲಯದಲ್ಲಿ ಅಷ್ಟೇ ದೊಡ್ಡ ಫೋಮನ್ನು ರೆಕ್ಕೆಯಂಚಿನ ಫಲಕಕ್ಕೆ ಹೊಡೆದಾಗ ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು.

ಕಲಿಯುವ ಸಂಸ್ಥೆಗಳೂ ಇವೆಯಲ್ಲ ಎನ್ನಬಹುದು. ಇವೆ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿದ ಮೇಲೆ ಇಸ್ರೋ ಚಂದ್ರಯಾನ-3ರ ಕಾಲುಗಳನ್ನು ಗಟ್ಟಿ ಮಾಡಿತು, ಇಂಧನ ಹೆಚ್ಚಿಸಿತು, ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ ಸುಮಾರು 4 ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿತು. ಪಾಠ ಲೋಹದಲ್ಲೇ ಸೇರಿಹೋದ್ದರಿಂದ ಅದನ್ನು ಯಾರೂ ನೆನಪಿಟ್ಟುಕೊಳ್ಳಬೇಕಾಗಲಿಲ್ಲ. ಆದರೆ ಗಮನಿಸಿ, ಅಲ್ಲಿ ದೇಶವೇ ನೋಡುತ್ತಿದ್ದ ಸೋಲಿತ್ತು, ಗೆಲುವೆಂದು ಬರೆದುಕೊಳ್ಳಲು ಆಸ್ಪದವೇ ಇರಲಿಲ್ಲ. ಕಷ್ಟವಿರುವುದು ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳಲ್ಲಿ. ಅವನ್ನು ಪೈಲಟ್‌ಗಳು ತಮ್ಮ ಗುರುತು ಬಯಲಾಗದಂತೆ ವರದಿ ಮಾಡುವ ವ್ಯವಸ್ಥೆ ಅಮೆರಿಕದಲ್ಲಿ 1976ರಿಂದಲೂ ಇದೆ. ವಿಚಿತ್ರವೆಂದರೆ, ವಿಮಾನಯಾನಕ್ಕಾಗಿ ಅದನ್ನು ನಡೆಸಿಕೊಂಡು ಬಂದದ್ದು ನಾಸಾವೇ.

ಕೊಲಂಬಿಯಾ ನಂತರ ಎರಡೂವರೆ ವರ್ಷ ತಿದ್ದುಪಡಿ ಮಾಡಿ 2005ರ ಜುಲೈಯಲ್ಲಿ ಡಿಸ್ಕವರಿಯನ್ನು ಹಾರಿಸಿದಾಗಲೂ ಟ್ಯಾಂಕಿನ ಬೇರೊಂದು ಭಾಗದಿಂದ ದೊಡ್ಡ ಫೋಮ್ ತುಂಡು ಉದುರಿತು. ನೌಕೆಗೆ ಅದು ತಾಗಲಿಲ್ಲ, ಸಿಬ್ಬಂದಿ ಸುಖವಾಗಿ ಇಳಿದರು. ಆದರೂ ನಾಸಾ ಸುಮಾರು ಒಂದು ವರ್ಷ ಹಾರಾಟ ನಿಲ್ಲಿಸಿ, ಆ ಭಾಗದ ಫೋಮ್ ಕಟ್ಟೆಯನ್ನೇ ಟ್ಯಾಂಕಿನಿಂದ ತೆಗೆದುಹಾಕಿತು.