ಕಾಯುವ ಕಿವಿ, ಕಾಯದ ಉಸಿರು

ದಸರೆ ಹೊತ್ತಿಗೆ ಕಲಬುರಗಿ ಜಿಲ್ಲೆಯ ಚಿಂಚೋಳಿ ಗುಡ್ಡದ ಸೀತಾಫಲ ಕಣ್ಣು ಬಿಡುತ್ತವೆ. ಚಂದ್ರಂಪಳ್ಳಿ ಜಲಾಶಯದ ಆಚೀಚೆಯ ತಾಂಡಾಗಳಲ್ಲಿ ಮಕ್ಕಳ ಕೈ, ಬಾಯಿ, ಅಂಗಿಯ ಮುಂಭಾಗ ಎಲ್ಲ ಅದೇ ಅಂಟು. ಅದರ ಬೆನ್ನಿಗೇ ಶೇಂಗಾ ಬರುತ್ತದೆ, ಆಮೇಲೆ ತೊಗರಿ ರಾಶಿ. ಕಪ್ಪು ಬೀಜ, ಶೇಂಗಾ ಕಾಳು, ತೊಗರಿ ಕಾಳು, ಮೂರೂ ಎರಡು ವರ್ಷದ ಕೂಸಿನ ಶ್ವಾಸನಾಳದೊಳಗೆ ಇಳಿಯಬಲ್ಲ ಗಾತ್ರದವು. ಆ ವಯಸ್ಸಿನಲ್ಲಿ ಮುಂದಿನ ಹಲ್ಲು ಕಚ್ಚುತ್ತವೆ, ಅರೆಯುವ ದವಡೆಹಲ್ಲು ಇನ್ನೂ ಪೂರ್ತಿ ಬಂದಿರುವುದಿಲ್ಲ. ಕಚ್ಚಿದ ಅರ್ಧ ಶೇಂಗಾ ಬಾಯಲ್ಲಿಟ್ಟುಕೊಂಡು ಓಡುತ್ತ, ನಗುತ್ತ, ಒಮ್ಮೆ ಜೋರಾಗಿ ಉಸಿರೆಳೆದರೆ ಸಾಕು.

ಮುಂದಿನ ಕಥೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಸಾಗುತ್ತದೆ. ಕೂಸು ಕೆಮ್ಮಿ ಕೆಮ್ಮಿ ಮುಖ ನೀಲಿ ಮಾಡಿಕೊಳ್ಳುತ್ತದೆ. ಮನೆಯವರು ಬೆನ್ನು ತಟ್ಟುತ್ತಾರೆ, ನೆತ್ತಿ ಬಡಿಯುತ್ತಾರೆ, ನೀರು ಕುಡಿಸುತ್ತಾರೆ, ಅನ್ನದ ಉಂಡೆ ನುಂಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಲ್ಲುತ್ತದೆ. ಎಲ್ಲರೂ ಉಸಿರು ಬಿಡುತ್ತಾರೆ. ಮೋಸ ಇರುವುದೇ ಇಲ್ಲಿ. ಕಾಳು ಹೊರಗೆ ಬಂದಿಲ್ಲ, ಒಳಗೆ ಇಳಿದು ಒಂದು ಕವಲಿನಲ್ಲಿ ಕೂತಿದೆ. ಹೆಚ್ಚಾಗಿ ಬಲಗಡೆ, ಏಕೆಂದರೆ ಬಲ ಶ್ವಾಸನಾಳ ಎಡದ್ದಕ್ಕಿಂತ ಅಗಲ ಮತ್ತು ನೆಟ್ಟಗೆ. ವಾರದ ಮೇಲೆ ಜ್ವರ, ಗೊರಗೊರ ಸದ್ದು. ಮೊದಲು ಕೆಮ್ಮಿನ ಟಾನಿಕ್, ಆಮೇಲೆ ನ್ಯುಮೋನಿಯಾ ಇಂಜೆಕ್ಷನ್, ಕೆಲವರಿಗೆ ಅಸ್ತಮಾದ ಪಂಪು, ಇನ್ನು ಕೆಲವರಿಗೆ ಕ್ಷಯದ ಅನುಮಾನ. ಎಕ್ಸ್‌ರೇಯಲ್ಲಿ ಪಿನ್ನು, ನಾಣ್ಯ ಕಾಣುತ್ತವೆ, ಶೇಂಗಾ ಕಾಣುವುದಿಲ್ಲ.

ಈ ಬಗ್ಗೆ ಜಗತ್ತಿನಲ್ಲಿ ನಡೆದ ಅಧ್ಯಯನಗಳು ಹೆಚ್ಚಾಗಿ ಸುತ್ತಿ ಬಳಸಿ ಒಂದೇ ಮಾತಿಗೆ ಬರುತ್ತವೆ: ರೋಗ ಪತ್ತೆಗೆ ಯಂತ್ರಕ್ಕಿಂತ ಮೊದಲು ಬೇಕಾದದ್ದು ತಾಯಿಯ ನೆನಪು. 'ಏನರೆ ತಿನ್ನೋವಾಗ ಠಸಕ್ಕಿ ಹತ್ತಿತ್ತೇನವ್ವಾ?' ಎಂದು ಕೇಳಬೇಕು. ಕೇಳಿದರೆ ಉತ್ತರ ಸಿಗುತ್ತದೆ: 'ಹೌದ್ರಿ, ಹೋದ ಸಂತಿ ದಿನ ಶೇಂಗಾ ತಿನ್ಕೋತ ಬಿದ್ದಿತ್ತು.' ಈ ಪ್ರಶ್ನೆಯನ್ನು ಸೇಡಂನಲ್ಲೋ ಚಿಂಚೋಳಿಯಲ್ಲೋ ಮೊದಲು ನೋಡಿದವರೇ ಕೇಳಿದರೆ ಮಗು ಆ ದಿನವೇ ಕಲಬುರಗಿಯ ಬಸ್ಸು ಹತ್ತುತ್ತದೆ, ಅಥವಾ ತಾಂಡೂರಿನ ಮೇಲೆ ಹೈದರಾಬಾದಿಗೆ ಹೋಗುತ್ತದೆ. ಕೇಳದಿದ್ದರೆ ಕಾಳು ಒಳಗೇ ನೀರು ಕುಡಿದು ಉಬ್ಬುತ್ತದೆ. ಶೇಂಗಾದ ಎಣ್ಣೆಗೆ ಸುತ್ತಲಿನ ಪೊರೆ ಕೆಂಪೇರಿ ಬಾಯುತ್ತದೆ.

ತೆಗೆಯುವ ಕೆಲಸವಾದರೂ ಸಣ್ಣದಲ್ಲ. 1897ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಗುಸ್ಟಾಫ್ ಕಿಲಿಯನ್ ಒಬ್ಬ ರೈತನ ಬಲ ಶ್ವಾಸನಾಳದಿಂದ ಎಲುಬಿನ ಚೂರೊಂದನ್ನು ಕೊಳವೆ ಇಳಿಸಿ ತೆಗೆದರು; ಈ ವಿದ್ಯೆ ಶುರುವಾದದ್ದು ಅಲ್ಲಿಂದ. ಅಮೆರಿಕದ ಷೆವಾಲಿಯೆ ಜಾಕ್ಸನ್ ಅದನ್ನೇ ಬದುಕು ಮಾಡಿಕೊಂಡರು. ರೋಗಿಗಳ ಗಂಟಲು, ಅನ್ನನಾಳ, ಶ್ವಾಸನಾಳಗಳಿಂದ ತೆಗೆದ 2,374 ವಸ್ತುಗಳು, ಪಿನ್ನು, ಗುಂಡಿ, ಬೀಜ, ಆಟಿಕೆ, ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನ ಡ್ರಾಯರುಗಳಲ್ಲಿ ಇವತ್ತಿಗೂ ಇವೆ. ಆದರೆ ಕೂಸಿನ ಶ್ವಾಸನಾಳದೊಳಗೆ ಸ್ಪಷ್ಟವಾಗಿ ಕಾಣುವಂತೆ ಮಾಡಿದ್ದು ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್. ಉದ್ದನೆಯ ಗಾಜಿನ ಸರಳುಗಳನ್ನೇ ಮಸೂರವಾಗಿ ಜೋಡಿಸುವ ಅವರ ಉಪಾಯ 1959ರದು. ಕೂಸಿನ ಧ್ವನಿಪೆಟ್ಟಿಗೆಯ ಕೆಳಗಿನ ದಾರಿ ನಾಲ್ಕೈದು ಮಿಲಿಮೀಟರ್ ಅಷ್ಟೆ. ನಾಲ್ಕು ಮಿಲಿಮೀಟರಿನ ದಾರಿಗೆ ಸುತ್ತಲೂ ಒಂದೇ ಮಿಲಿಮೀಟರ್ ಬಾವು ಬಂದರೆ ಉಳಿಯುವುದು ಕಾಲುಭಾಗ. ಆ ಕಿಂಡಿಯಲ್ಲೇ ಮಗು ಉಸಿರಾಡಬೇಕು, ಅದರಲ್ಲೇ ಅರಿವಳಿಕೆ ವೈದ್ಯರು ಗಾಳಿ ಕೊಡಬೇಕು, ಅದರಲ್ಲೇ ಸರ್ಜನ್ ಚಿಮಟ ಇಳಿಸಬೇಕು. ಉಬ್ಬಿದ ಶೇಂಗಾ ಚಿಮಟ ಮುಟ್ಟಿದ ಕೂಡಲೇ ಒಡೆಯುತ್ತದೆ. ಒಂದು ಚೂರು ಎಡಕ್ಕೆ ಜಾರಿದರೆ ಎರಡೂ ಕಡೆ ಗಾಳಿ ಬಂದ್. ಮೊದಲ ದಿನ ತೆಗೆಯುವುದಕ್ಕೂ ಹದಿನೈದನೆಯ ದಿನ ತೆಗೆಯುವುದಕ್ಕೂ ಇರುವ ಅಂತರ ಇದು.

ಇದಿಷ್ಟು ಉಸಿರಿನ ಮಾತು. ಕಿವಿಯ ಸಂಗತಿ ಪೂರಾ ಉಲ್ಟಾ.

ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ಗಿಡ್ಡ, ಮತ್ತು ದೊಡ್ಡವರಿಗೆ ಇದ್ದಂತೆ ಇಳಿಜಾರಾಗಿರದೆ ಹೆಚ್ಚುಕಡಿಮೆ ಅಡ್ಡಡ್ಡ. ನೆಗಡಿ ಬಂದರೆ ಸೋಂಕು ಕಿವಿಗೂ ಹತ್ತುತ್ತದೆ. ಒಳಗೆ ನೀರು ನಿಲ್ಲುತ್ತದೆ, ಕೇಳಿಸುವುದು ಮಂದವಾಗುತ್ತದೆ. 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಕಿವಿತಮಟೆಯಲ್ಲಿ ಪುಟ್ಟ ಪ್ಲಾಸ್ಟಿಕ್ ನಳಿಕೆ ಕೂರಿಸಿ ಗಾಳಿಯಾಡುವಂತೆ ಮಾಡಿದರು. ಗ್ರೊಮೆಟ್ ಎಂದು ಕರೆಯುವ ಈ ನಳಿಕೆ ಶ್ರೀಮಂತ ದೇಶಗಳಲ್ಲಿ ಎಷ್ಟು ಸಾಮಾನ್ಯವಾಯಿತೆಂದರೆ, ಇಷ್ಟು ಮಕ್ಕಳಿಗೆ ನಿಜಕ್ಕೂ ಬೇಕೇ ಎಂದು ವೈದ್ಯರೇ ಕೇಳತೊಡಗಿದರು. ಪಿಟ್ಸ್‌ಬರ್ಗ್‌ನ ಜ್ಯಾಕ್ ಪ್ಯಾರಡೈಸ್ ಮತ್ತು ಸಂಗಡಿಗರು ಕಿವಿಯಲ್ಲಿ ನೀರು ನಿಂತ 429 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಕ್ಷಣ ನಳಿಕೆ. ಇನ್ನೊಂದಕ್ಕೆ ಕಾಯುವುದು, ನೀರು ಹಾಗೇ ಉಳಿದರೆ ಆಮೇಲೆ ನಳಿಕೆ. ಮೂರು ವರ್ಷ ತುಂಬಿದಾಗ ಮಾತು, ಬುದ್ಧಿ, ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2001ರಲ್ಲಿ ಬರೆದರು. ಅದೇ ಮಕ್ಕಳು ಒಂಬತ್ತು-ಹನ್ನೊಂದರ ವಯಸ್ಸಿಗೆ ಬಂದಾಗಲೂ ಕಾಣಲಿಲ್ಲ ಎಂದು 2007ರಲ್ಲಿ ಬರೆದರು. 2021ರಲ್ಲಿ ಅದೇ ಊರಿನ ಅಲೆಹಾಂಡ್ರೊ ಹೊಬರ್ಮನ್ ತಂಡ, ಪದೇ ಪದೇ ಕಿವಿ ಸೋಂಕಾಗುವ 250 ಮಕ್ಕಳ ಮೇಲೆ ಇಂಥದೇ ಪ್ರಯೋಗ ನಡೆಸಿ, ನಳಿಕೆ ಹಾಕಿಸಿಕೊಂಡವರಿಗೂ ಔಷಧಿಯಲ್ಲೇ ಇದ್ದವರಿಗೂ ಸೋಂಕು ಮರುಕಳಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲವೆಂದಿತು.

ವೈದ್ಯರೇ ಕತ್ತಿ ಕೆಳಗಿಡಿ ಎಂದು ಲೆಕ್ಕ ಸಮೇತ ಹೇಳುವುದು ನನಗೆ ವೈದ್ಯವಿಜ್ಞಾನದ ಅತ್ಯಂತ ಮರ್ಯಾದಸ್ಥ ಮುಖವಾಗಿ ಕಾಣುತ್ತದೆ. ಆದರೆ ಆ ಪ್ರಯೋಗಗಳಲ್ಲಿ ಕಾಯುವುದು ಎಂದರೆ ಸುಮ್ಮನಿರುವುದಲ್ಲ. ಆಗಾಗ ಅದೇ ಮಗು, ಅದೇ ಆಸ್ಪತ್ರೆ. ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಒಂದು ಜೋಡಿ ಕಣ್ಣು. ಆ ಫಲಿತಾಂಶವನ್ನು ಹಾಗೇ ಎತ್ತಿಕೊಂಡು ಬಂದು ಚಿಂಚೋಳಿಯ ತಾಂಡಾದಲ್ಲಿ ಇಟ್ಟರೆ ಕಾಯುವುದೊಂದೇ ಉಳಿಯುತ್ತದೆ, ನೋಡುವುದು ಬಿಟ್ಟುಹೋಗುತ್ತದೆ. ಸುಗ್ಗಿ ಮುಗಿದರೆ ಕುಟುಂಬ ಗುಳೆ ಹೊರಟಿತು: ಮುಂಬೈ, ಪುಣೆ, ಹೈದರಾಬಾದ್, ಕಟ್ಟಡದ ಕೆಲಸ. 'ಮೂರು ತಿಂಗಳು ಬಿಟ್ಟು ಬರ್ರಿ' ಎಂದು ಚೀಟಿಯಲ್ಲಿ ಬರೆದುಕೊಟ್ಟ ದಿನ ಮಗು ಪುಣೆಯ ಯಾವುದೋ ಮಣ್ಣುಗುಡ್ಡೆಯ ಮೇಲೆ ಆಡುತ್ತಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕೆಂದು ನಿಯಮವಿದೆ. ಬಂದ ದಿನ ಮಗು ಊರಲ್ಲಿರಬೇಕಲ್ಲ.

ಹೀಗಾಗಿ ನಮ್ಮ ಕಡೆ ಕಿವಿ ವೈದ್ಯರ ಮುಂದೆ ಬರುವುದು ನೀರು ನಿಂತ ಕಿವಿಯಲ್ಲ, ತಮಟೆ ತೂತಾಗಿ ವರ್ಷಗಟ್ಟಲೆ ಸೋರಿದ ಕಿವಿ. 'ಕಿವಿ ಸೋರತದ್ರಿ' ಎನ್ನುವುದು ಇಲ್ಲಿ ರೋಗದ ದೂರಿಗಿಂತ ಹೆಚ್ಚಾಗಿ ಮಗುವಿನ ಗುರುತಿನ ಥರ ಆಗಿಬಿಟ್ಟಿದೆ. ಮೊದಲ ಔಷಧ ಕಾಯಿಸಿದ ಎಣ್ಣೆ. ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ಇನ್ನೊಂದು ತಾಪತ್ರಯ ಇದೆ. ಕಲ್ಲು ತೆಗೆದು ಬಿಟ್ಟ ಗಣಿಗಳು ಮಳೆಗೆ ತುಂಬಿಕೊಳ್ಳುತ್ತವೆ. ಚೌಕಾಕಾರದ ಕಲ್ಲಂಚು, ತಳ ಕಾಣದ ಹಸಿರು ನೀರು, ಹುಡುಗರು ಮೇಲಿನ ಬಂಡೆಯಿಂದ ಓಡಿಬಂದು ಜಿಗಿಯುತ್ತಾರೆ. ತಮಟೆ ತೂತಾದ ಹುಡುಗ ಮಾತ್ರ ದಂಡೆಯಲ್ಲಿ ಕೂರುತ್ತಾನೆಂದು ಯಾರೂ ನಂಬಬೇಕಿಲ್ಲ. ಅವನೂ ಜಿಗಿಯುತ್ತಾನೆ. ಎರಡು ದಿನಕ್ಕೆ ದಿಂಬಿನ ಮೇಲೆ ಕೀವಿನ ಕಲೆ.

ತೂತು ಮುಚ್ಚುವ ಶಸ್ತ್ರಕ್ರಿಯೆಗೆ 1950ರ ದಶಕದ ಆರಂಭದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ತಳಹದಿ ಹಾಕಿದರು. ಈಗ ಕಿವಿಯ ಮೇಲ್ಗಡೆಯ ಸ್ನಾಯುವಿನ ಪೊರೆಯನ್ನೋ ಕಿವಿಯದೇ ಮೃದ್ವಸ್ಥಿಯ ತೆಳು ಹೋಳನ್ನೋ ತೇಪೆಯಾಗಿ ಹಾಕುತ್ತಾರೆ. ಶ್ವಾಸನಾಳದಲ್ಲಿ ಶೇಂಗಾ ತೋರಿಸಿದ ಹಾಪ್ಕಿನ್ಸರ ಆ ಗಾಜಿನ ಸರಳೇ ಈಗ ಕಿವಿಯೊಳಗೂ ಇಳಿಯುತ್ತದೆ. ಕಿವಿಯ ಹಿಂದೆ ಕೊಯ್ಯದೆ ರಂಧ್ರದ ಮೂಲಕವೇ ಕೆಲಸ ಮುಗಿಸುವ ವಿಧಾನ ಬೆಳೆಯುತ್ತಿದೆ. ಮಕ್ಕಳಿಗೆ ಎಷ್ಟನೆಯ ವಯಸ್ಸಿನಲ್ಲಿ ತೇಪೆ ಹಾಕಬೇಕು ಎಂಬ ಜಗಳ ಮಾತ್ರ ಮುಗಿದಿಲ್ಲ. ಎಂಟು-ಹತ್ತು ವರ್ಷ ಆಗಲಿ, ನೆಗಡಿ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ಅಷ್ಟರಲ್ಲಿ ಶಾಲೆಯ ಪಾಠವೇ ಕಿವಿಗೆ ಬೀಳದೆ ಹೋಯಿತಲ್ಲ ಎನ್ನುವವರೂ ಇದ್ದಾರೆ. ಹಿಂದಿನ ಬೆಂಚಿನ ದಡ್ಡ ಎನಿಸಿಕೊಂಡ ಎಷ್ಟೋ ಹುಡುಗರ ಪರವಾಗಿ ನಾನು ಎರಡನೆಯವರ ಕಡೆ.

ಹುಟ್ಟುಕಿವುಡು ಬೇರೆಯದೇ ಲೆಕ್ಕ. ಅಲ್ಲಿ ಕಿವಿಯೂ ಕಾಯುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳ ಮಿದುಳಿನ ಅಲೆಗಳನ್ನು ಅಳೆದ ಅನು ಶರ್ಮಾ, ಮೂರೂವರೆ ವರ್ಷದೊಳಗೆ ಹಾಕಿಸಿದರೆ ಮಿದುಳು ಸಹಜವಾಗಿ ಸ್ಪಂದಿಸುತ್ತದೆ, ಏಳು ದಾಟಿದರೆ ಬಹುತೇಕ ಸ್ಪಂದಿಸುವುದಿಲ್ಲ ಎಂದು 2002ರಲ್ಲಿ ತೋರಿಸಿದರು. ಸೋದರಮಾವನಿಗೆ, ಅತ್ತೆಮಗನಿಗೆ ಕೊಡುವ ರೂಢಿ ನಮ್ಮ ರಾಜ್ಯದಲ್ಲಿ ಎಷ್ಟಿದೆಯೆಂದರೆ, 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ನವಜಾತ ಶಿಶುಗಳ ಅಧ್ಯಯನದಲ್ಲಿ ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದೆಂದು ಕಂಡಿತ್ತು. ವಂಶದಲ್ಲಿ ಅಡಗಿದ ಕಿವುಡು ಹೊರಬೀಳಲು ಇದೂ ಒಂದು ದಾರಿ. ವಾಕ್-ಶ್ರವಣಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ, ಚಿಂಚೋಳಿಗೆ ರಾಜ್ಯದ ಇನ್ನೊಂದು ತುದಿ. ಇಂಪ್ಲಾಂಟಿನ ಖರ್ಚಿಗೆ ಸರ್ಕಾರದ ಯೋಜನೆಗಳಿವೆ. ಆದರೆ ಶಸ್ತ್ರಕ್ರಿಯೆ ಒಂದು ದಿನದ್ದು, ಆಮೇಲಿನ ಮಾತಿನ ತರಬೇತಿ ವರ್ಷಗಳದ್ದು.

ದೂರದ ಊರಿಗೆಂದೇ ಮಾಡಿದಂತಿರುವ ಸಂಶೋಧನೆ ಅಪರೂಪ. ಒಂದನ್ನು ಹೇಳಲೇಬೇಕು. ಆಟಿಕೆ, ಗಡಿಯಾರದ ಗುಂಡಿ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನಲ್ಲೇ ಸುಡಲು ಶುರುಮಾಡುತ್ತದೆ. ಅಮೆರಿಕದ ಕ್ರಿಸ್ ಜಟಾನಾ ಮತ್ತು ಸಂಗಡಿಗರು 2018ರಲ್ಲಿ ಹಂದಿಮರಿಗಳ ಮೇಲೆ ಪರೀಕ್ಷಿಸಿ, ಜೇನುತುಪ್ಪ ಆ ಸುಡುವಿಕೆಯನ್ನು ತಗ್ಗಿಸುತ್ತದೆಂದು ಕಂಡುಕೊಂಡರು. ಈಗ ವರ್ಷ ತುಂಬಿದ, ನುಂಗಲು ಬರುವ ಮಗುವಿಗೆ ಆಸ್ಪತ್ರೆ ದಾರಿಯಲ್ಲೇ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡಲು ಹೇಳುತ್ತಾರೆ. ಅದಕ್ಕಾಗಿ ಹೊರಡುವುದನ್ನು ತಡಮಾಡುವಂತಿಲ್ಲ. ವರ್ಷ ತುಂಬದ ಕೂಸಿಗೆ ಜೇನು ಬೇಡ. ಉಸಿರುನಾಳಕ್ಕೆ ಕಾಳು ಹೋಗಿದ್ದರೆ ಬಾಯಿಗೆ ಏನೂ ಹಾಕಬಾರದು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿಯೇ ಹೊರಡದಿದ್ದರೆ ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗುವಂತೆ ಮುಂಗೈ ಮೇಲೆ ಮಲಗಿಸಿ ಬೆನ್ನಿಗೆ ಐದು ಏಟು, ತಿರುಗಿಸಿ ಎದೆಯ ನಡುವೆ ಐದು ಒತ್ತು. ಕಾಣದ ಕಾಳಿಗಾಗಿ ಬೆರಳು ಹಾಕಿ ತಡಕಬಾರದು.

ಕಿವಿಯ ಬಗ್ಗೆ ಈ ಭಾಗದಲ್ಲೇ ಉತ್ತರ ಸಿಗಬೇಕಾದ ಒಂದು ಪ್ರಶ್ನೆ ಉಳಿದಿದೆ. ತೇಪೆ ಹಾಕುವ ಸರ್ಜನ್ನರು ಸಾಮಾನ್ಯವಾಗಿ ಕಿವಿ ಒಣಗಿರಲಿ ಎನ್ನುತ್ತಾರೆ. ಇಲ್ಲಿನ ಮಕ್ಕಳ ಕಿವಿ ಒಣಗುವುದು ಬೇಸಿಗೆಯಲ್ಲಿ, ಆಗ ಮಗು ಗುಳೆಯಲ್ಲಿರುತ್ತದೆ. ಊರಿಗೆ ಮರಳುವುದು ಮುಂಗಾರಿಗೆ, ಆಗ ನೆಗಡಿಯೂ ಬರುತ್ತದೆ, ಗಣಿಯೂ ತುಂಬುತ್ತದೆ, ಕಿವಿಯೂ ಸೋರುತ್ತದೆ. ಸೋರುವ ಕಿವಿಗೂ ತೇಪೆ ಹಿಡಿಯುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಕಲಬುರಗಿ ನಗರದಲ್ಲಿ ಈಗ ಸರ್ಕಾರಿ, ಇಎಸ್‌ಐ, ಖಾಸಗಿ ಎಲ್ಲ ಸೇರಿ ಒಂದಕ್ಕಿಂತ ಹೆಚ್ಚು ವೈದ್ಯಕೀಯ ಕಾಲೇಜುಗಳಿವೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತಾರೆ. ಜೂನ್‌ನಿಂದ ದೀಪಾವಳಿಯವರೆಗೆ ಊರಲ್ಲಿ ಸಿಗುವ ಮಕ್ಕಳ ಸೋರುವ ಕಿವಿಗೆ ಆಗಲೇ ತೇಪೆ ಹಾಕಿ, ಮುಂದಿನ ಮುಂಗಾರಿಗೆ ಮತ್ತೆ ನೋಡಿ ಲೆಕ್ಕ ಬರೆಯಬಹುದು.